ಮಾವನವರ ಕೈಗುಣದ ಕೋಳಿ ಸಾರು

ಹಿರೇಕೆರೂರು ಕಡೆಯ ನಮ್ಮ ಮನೆಯಲ್ಲಿ ಕೋಳಿ ಸಾರು ಗಂಡಸರ ಅಡುಗೆ. ಇದು ನನ್ನ ಮಾತಲ್ಲ, ಊರ ಮಾತು. ಅಡುಗೆಮನೆಯ ಗೋಡೆಗೆ ಹತ್ತಿಕೊಂಡೇ ದೇವರ ಜಗಲಿ ಇರುವುದರಿಂದ ಕೋಳಿ, ಮೊಟ್ಟೆ, ಮೀನು ಯಾವುದೂ ಹೊಸ್ತಿಲು ದಾಟಿ ಒಳಗೆ ಬರುವಂತಿಲ್ಲ. ಹಿತ್ತಲಲ್ಲಿ ಮೂರು ಕಲ್ಲಿನ ಒಲೆ, ಅದಕ್ಕೆಂದೇ ಒಂದು ದೊಡ್ಡ ಡಬರಿ, ಒಂದು ಸವುಟು, ಗೋಡೆಗೆ ಬೋರಲು ಹಾಕಿದ ಆರು ತಾಟು. ಒಳಗಿನ ಒಲೆ ಹೆಂಗಸರದು ಎಂದಮೇಲೆ ಹೊರಗಿನ ಒಲೆ ಗಂಡಸರದೇ ಆಗಬೇಕಲ್ಲ. ಹೀಗಾಗಿ ನಮ್ಮ ಮಾವನವರು ನಲವತ್ತು ವರ್ಷಗಳಿಂದ ಕೋಳಿ ಸಾರು ಮಾಡುತ್ತ ಬಂದಿದ್ದಾರೆ.

ಮಾಡುವುದು ಅಂದರೆ ಹೇಗೆ ಎಂಬುದನ್ನು ಮಾತ್ರ ತುಸು ಬಿಡಿಸಿ ಹೇಳಬೇಕು. ಭಾನುವಾರ ಮುಂಜಾನೆ ಮಾವ ಅಂಗಳದಲ್ಲಿ ನಿಂತು, "ಇವತ್ತ ಕೋಳಿ ನಾ ಮಾಡ್ತೇನಿ" ಎಂದು ಸಾರುತ್ತಾರೆ. ಸಾರಿ, ಚಹಾ ಕುಡಿಯಲು ಬಸ್‌ಸ್ಟ್ಯಾಂಡಿನ ಕಡೆ ಹೋಗುತ್ತಾರೆ. ಅವರು ಅತ್ತ ಹೋದ ಮೇಲೆ ಇತ್ತ ಅತ್ತೆ ಒಣಕೊಬ್ಬರಿಯ ಬಟ್ಟಲನ್ನು ಇಕ್ಕಳದಲ್ಲಿ ಹಿಡಿದು ಉರಿಯ ಮೇಲೆ ಕಪ್ಪಗೆ ಸುಡುತ್ತಾರೆ. ನಾನು ಉಳ್ಳಾಗಡ್ಡಿಯನ್ನು ಸಿಪ್ಪೆಯ ಸಮೇತ ಕೆಂಡದಲ್ಲಿ ಹೂತು, ಮೆತ್ತಗಾದ ಮೇಲೆ ಬೂದಿ ಕೊಡವಿ ಸುಲಿಯುತ್ತೇನೆ. ಕೊತ್ತಂಬರಿ ಕಾಳು, ಚಕ್ಕೆ, ಲವಂಗ, ಮೆಣಸು ಇವನ್ನೆಲ್ಲ ಬೇರೆ ಬೇರೆಯಾಗಿಯೇ ಹುರಿಯಬೇಕೆಂಬುದು ಅತ್ತೆಯ ಕಟ್ಟಪ್ಪಣೆ. "ಎಲ್ಲಾ ಕೂಡೆ ಹುರದ್ರ ಒಂದು ಸೀದಿರತೈತಿ, ಒಂದು ಹಸೀದ ಇರತೈತಿ. ಕೂಡಿದ ಮನಿತನ ಇದ್ದಂಗ" ಎನ್ನುತ್ತಾರೆ. ಖಸಖಸೆ ನೆನೆಯಬೇಕು. ಬಳ್ಳೊಳ್ಳಿ ಸುಲಿಯಬೇಕು. ಎಲ್ಲವೂ ಸೇರಿ ಒಳಕಲ್ಲಿನಲ್ಲಿ ಬೆಣ್ಣೆಯ ಹಾಗೆ ನುಣ್ಣಗಾಗಬೇಕು. ಮಾವ ತಿರುಗಿ ಬರುವ ಹೊತ್ತಿಗೆ ತೊಳೆದು ಅರಿಶಿಣ ಉಪ್ಪು ಸವರಿದ ಕೋಳಿ ಹಿತ್ತಲಲ್ಲಿ ಕಾಯುತ್ತಿರುತ್ತದೆ. ಮಗ್ಗುಲಲ್ಲಿ ಎಣ್ಣೆ, ಬಿಸಿನೀರು, ಹೆಚ್ಚಿದ ಕೊತ್ತಂಬರಿ ಸೊಪ್ಪು ಸಾಲಾಗಿ ಕೂತಿರುತ್ತವೆ.

ಮಾವ ಹೆಗಲಿಗೆ ಟವೆಲ್ ಹಾಕಿ, ಮಣೆಯ ಮೇಲೆ ಕುಳಿತು, ಉರಿ ಹಚ್ಚಿ, ಬಾಗಿಲ ಕಡೆ ತಿರುಗದೆಯೇ, "ಹೂಂ, ಮಸಾಲಿ" ಎನ್ನುತ್ತಾರೆ. ಹೊಸ್ತಿಲ ಮೇಲೆ ಮಸಾಲೆಯ ಉಂಡೆ ಬಂದು ಕೂರುತ್ತದೆ. ಅದು ಎಲ್ಲಿಂದ ಬಂತೆಂದು ಅವರು ಎಂದೂ ಕೇಳಿದವರಲ್ಲ. ನಲ್ಲಿ ತಿರುವಿದರೆ ನೀರು, "ಹೂಂ" ಅಂದರೆ ಮಸಾಲೆ.

ನನ್ನ ತವರು ಶಿಗ್ಗಾಂವಿ ತಾಲೂಕಿನಲ್ಲಿ, ತಡಸದ ಹತ್ತಿರ. ಅಲ್ಲಿ ನಮ್ಮವ್ವ ಒಳಗೇ ಗ್ಯಾಸಿನ ಮೇಲೆ ಕುಕ್ಕರಿನಲ್ಲಿಟ್ಟು ಮಾಡಿಬಿಡುತ್ತಾಳೆ. ಹುಂಜ ಸತ್ತ ಮೇಲೂ ಮೂರು ಸಲ ಕೂಗುತ್ತದೆ, ಆಮೇಲೆ ನಾವು ಉಣ್ಣುತ್ತೇವೆ. ಇಲ್ಲಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ಈ ಒಳಹೊರಗಿನ ಕಾರುಬಾರು ನೋಡಿ ತಲೆ ತಿರುಗಿತ್ತು. ಮೊದಲ ಭಾನುವಾರವೇ ಅತ್ತೆಯನ್ನು ಮೆಲ್ಲಗೆ ಕೇಳಿದ್ದೆ.

"ಅತ್ತ್ಯಾರ, ಎಲ್ಲಾ ನಾವ ಮಾಡಿದ್ವಿ. ಮಾವಾರು ಏನು ಮಾಡಿದ್ರು?"

"ಹೆಸರು ಮಾಡಿದ್ರು" ಎಂದರು ಅತ್ತೆ, ಒಳಕಲ್ಲು ತೊಳೆಯುತ್ತ.

ನಮ್ಮ ಮನೆಯಲ್ಲಿ ಆ ಹೆಸರು ಮಾಡಲಿಕ್ಕೂ ವಾರಕ್ಕೆ ಎರಡೇ ದಿನ. ಸೋಮವಾರ ಬಸವಣ್ಣನದು, ಮಂಗಳವಾರ ದ್ಯಾಮವ್ವನದು, ಗುರುವಾರ ಮಾವನ ಗುರುಗಳದು, ಶುಕ್ರವಾರ ಲಕ್ಷ್ಮಿಯದು, ಶನಿವಾರ ಹನುಮಪ್ಪನದು. ದೇವರುಗಳೆಲ್ಲ ಹಂಚಿಕೊಂಡ ಮೇಲೆ ಉಳಿದ ಬುಧವಾರ, ಭಾನುವಾರ ಕೋಳಿಗಳ ಪಾಲಿಗೆ. ಆ ಎರಡು ದಿನ ಯಾವ ದೇವರೂ ಅವುಗಳ ಕಡೆಗಿಲ್ಲ.

ಇಷ್ಟು ದಿನ ಈ ಕೀರ್ತಿ ನಮ್ಮ ಓಣಿಯೊಳಗೇ ಇತ್ತು. ಹೋದ ವರ್ಷ ನಮ್ಮ ಮನೆಯವರು ಹೊಸ ಫೋನು ತಂದ ಉಮೇದಿಯಲ್ಲಿ ಅಪ್ಪ ಸಾರು ಮಾಡುವುದನ್ನು ವಿಡಿಯೋ ಮಾಡಿದರು. ಮಸಾಲೆ ಕಾದ ಎಣ್ಣೆಗೆ ಬಿದ್ದು ಚುಂಯ್ ಅನ್ನುವಲ್ಲಿಂದ ಅದು ಶುರುವಾಗುತ್ತದೆ. ಮಾವ ಅಂಗೈಗೆ ಎರಡು ಹನಿ ಹಾಕಿಕೊಂಡು ನೆಕ್ಕಿ, ಕಣ್ಣು ಮುಚ್ಚಿ ತಲೆ ಅಲ್ಲಾಡಿಸುವಲ್ಲಿಗೆ ಮುಗಿಯುತ್ತದೆ. ನಡುವೆ ಒಂದು ಕಡೆ ನನ್ನ ಕೈ ಮಣಿಕಟ್ಟಿನ ತನಕ ಕಾಣುತ್ತದೆ, ಉಪ್ಪಿನ ಡಬ್ಬಿ ಕೊಡುವಾಗ. ಬೀಗರ ಬಿಜ್ಜರ ವಾಟ್ಸಾಪ್ ಗುಂಪಿನಲ್ಲೆಲ್ಲ ಅದು ಓಡಾಡಿತು. "ಅಸಲಿ ಕೋಳಿ ಸಾರು ಅಂದ್ರ ಇದು" ಎಂದು ಒಬ್ಬರು ಬರೆದರು. "ಹಿರಿಯರ ಕೈಗುಣ" ಎಂದು ಇನ್ನೊಬ್ಬರು ಕೈ ಮುಗಿದರು. ಸಾರನ್ನು ವಿಡಿಯೋದಲ್ಲಿ ಉಂಡವರೇ ಹೆಚ್ಚು ಹೊಗಳಿದರು.

ಈ ಹೆಸರಿನ ಮೇಲೆ ನಿಜವಾಗಿ ಸಂಸಾರ ನಡೆಸುತ್ತಿದ್ದವಳು ನನ್ನ ನಾದಿನಿ. ಅವಳನ್ನು ಹಾನಗಲ್ಲಿನ ಹತ್ತಿರದ ಹಳ್ಳಿಗೆ ಕೊಟ್ಟು ಮೂರು ವರ್ಷವಾಗಿತ್ತು. ಅತ್ತೆಮನೆಯಲ್ಲಿ ಯಾರಾದರೂ ಅವಳ ಅಡುಗೆಗೆ ಮೂಗು ಮುರಿದರೆ ಸಾಕು, "ನಮ್ಮಪ್ಪನ ಕೋಳಿ ಸಾರು ಉಂಡು ನೋಡ್ರಿ ಒಮ್ಮೆ" ಎನ್ನುವಳು. ಪಲ್ಯಕ್ಕೆ ಉಪ್ಪು ಹೆಚ್ಚಾದರೂ ಅಪ್ಪನ ಸಾರು, ರೊಟ್ಟಿ ಹರಿದರೂ ಅಪ್ಪನ ಸಾರು. ಬೀಗರು ಈ ಮಾತು ಕೇಳಿ ಕೇಳಿ, ವಿಡಿಯೋ ನೋಡಿ ನೋಡಿ, ಒಂದು ದಿನ ಫೋನು ಮಾಡಿಯೇಬಿಟ್ಟರು.

"ಬೀಗರ, ಮುಂದಿನ ಐತವಾರ ನಮ್ಮೂರಿಗೆ ಬರ್ರಿ. ಊರಾನ ಹಿರೇರನ್ನ ನಾಕ ಮಂದಿನ್ನ ಕರದೇನಿ. ನಿಮ್ಮ ಕೈಯಿಂದ ಸಾರು ಆಗಬೇಕು. ಹುಂಜ ನಮ್ಮವು, ಕಟಗಿ ನಮ್ಮವು."

"ಅದಕ್ಕೇನಾತ್ರಿ, ಬರ್ತೇನಿ" ಎಂದರು ಮಾವ. ಯಾರನ್ನೂ ಕೇಳಲಿಲ್ಲ. ಕೇಳಲಿಕ್ಕೆ ಏನಿದೆ, ಅಡುಗೆ ಅವರದು.

ಹತ್ತು ನಿಮಿಷಕ್ಕೆ ನನ್ನ ಫೋನು ಬಡಿದುಕೊಂಡಿತು. ನಾದಿನಿ. ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

"ವೈನಿ, ಅವ್ವ ಬರ್ತಾಳಿಲ್ಲೋ?"

"ಕೇಳ್ತೇನಿ ತಡಿ."

"ಕೇಳೂದಲ್ಲ, ಕರಕೊಂಡು ಬರ್ರಿ. ಆಕಿ ಬರದಿದ್ರ ನನ್ನ ಮಾರಿ ಇಲ್ಲಿ ಉಳಿಯೂದಿಲ್ಲ. ಮೂರು ವರ್ಷ ಹೇಳಿಕೋತ ಬಂದೇನಿ!"

ಅತ್ತೆ ಅಕ್ಕಿ ಆರಿಸುತ್ತ ಕೂತಿದ್ದರು. ಮೊರದಿಂದ ಕಣ್ಣು ಎತ್ತಲಿಲ್ಲ. "ಕರದದ್ದು ಯಾರನ್ನ?"

"ಮಾವಾರನ್ನ."

"ಮತ್ತ, ಕರೀಲಾರದ ಮನಿಗೆ ನಾ ಯಾಕ ಹೋಗ್ಲಿ? ಅವ್ರು ಅದಾರಲ್ಲ, ಕೈಗುಣದವ್ರು. ನೀ ಹೋಗಿ ಬಾ ಜೋಡಿ. ಇಲ್ಲಾಂದ್ರ ಇಳಿಯೂ ಸ್ಟಾಪು ಬಿಟ್ಟು ಮುಂದ ಹೋಗಿಬಿಡ್ತಾರ."

"ಮಸಾಲಿ ಅರದು ಕಟ್ಟಿಕೊಳ್ಲೇನ್ರಿ?"

ಅತ್ತೆ ಒಂದು ಕಲ್ಲು ಹೆಕ್ಕಿ ಹೊರಗೆ ಎಸೆದರು. "ಅವ್ರು ಕೇಳಿದ್ರ ಕಟ್ಟು."

ಶನಿವಾರ ಸಂಜೆಯವರೆಗೂ ಕಾದೆ. ಮಾವ ಕೇಳಲಿಲ್ಲ. ಅವರು ತಮ್ಮ ತಯಾರಿ ತಾವು ಮಾಡಿಕೊಂಡರು: ಇಸ್ತ್ರಿ ಮಾಡಿದ ಟವೆಲ್ಲು, ಹಳೆಯ ಪೇಪರಿನಲ್ಲಿ ಸುತ್ತಿದ ಸವುಟು. "ಸವುಟು ನಮ್ಮದ ಇರಬೇಕವಾ, ಕೈಗೆ ಹೊಂದಿರತೈತಿ" ಎಂದು ನನಗೆ ವಿವರಿಸಿದರು. ಸೈನಿಕನೊಬ್ಬ ಬಂದೂಕು ಬಿಟ್ಟು ಬಟನ್ನು ತಿಕ್ಕಿ ಯುದ್ಧಕ್ಕೆ ಹೊರಟಂತೆ ನನಗೆ ಕಂಡಿತು. ಆದರೆ ಸೊಸೆಯಾದವಳು ಕಂಡದ್ದನ್ನೆಲ್ಲ ಹೇಳುವ ಹಾಗಿಲ್ಲ.

ಹಾನಗಲ್ಲಿಗೆ ಹೋಗುವ ಬಸ್ಸಿನಲ್ಲಿ ನಮ್ಮ ಎದುರಿಗೆ ಸವಣೂರಿನ ಹಿರಿಯ ಹೆಂಗಸೊಬ್ಬರು ಕೂತಿದ್ದರು. ಬುರ್ಖಾದ ಮುಸುಕು ಹಿಂದೆ ಸರಿಸಿ ಎಲೆ ಅಡಿಕೆ ಮೆಲ್ಲುತ್ತ, ಹಿರೇಕೆರೂರಿನ ಒಬ್ಬ ಮಗಳ ಮನೆ ಮುಗಿಸಿ ಹಾನಗಲ್ಲಿನ ಇನ್ನೊಬ್ಬಳ ಮನೆಗೆ ಹೊರಟಿದ್ದರು. ಪೇಪರಿನಿಂದ ಹಣಿಕುತ್ತಿದ್ದ ಸವುಟನ್ನು ನೋಡಿ, "ಎಲ್ಲಿಗ್ರಿ ಅಪ್ಪಾರ, ಅಡಿಗಿ ಕೆಲಸಕ್ಕೇನ್ರಿ?" ಎಂದರು.

ಮಾವನಿಗೆ ಅಷ್ಟೇ ಸಾಕಾಗಿತ್ತು. ಜವಾರಿ ಹುಂಜಕ್ಕೂ ಬ್ರಾಯ್ಲರಿಗೂ ಇರುವ ಭೇದ, ಉರಿ ಯಾವಾಗ ಜೋರಿರಬೇಕು, ಯಾವಾಗ ಸಣ್ಣಗಿರಬೇಕು, ಎಂಥ ಕಟ್ಟಿಗೆಗೆ ಎಂಥ ಕೆಂಡ, ಎಲ್ಲವನ್ನೂ ಹೇಳಿದರು. ಆಕೆ ಶ್ರದ್ಧೆಯಿಂದ ಕೇಳಿದರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

"ಖಸಖಸಿ ಎಷ್ಟು ಹಾಕ್ತೀರಿ?"

ಮಾವ ಕಿಟಕಿಯ ಹೊರಗೆ ಗೋವಿನಜೋಳದ ಹೊಲ ನೋಡಿದರು. "ಅದು... ಕೈ ಅಳತಿ."

ಆಕೆ ನನ್ನ ಕಡೆ ನೋಡಿದರು. ನಾನು ನನ್ನ ಕಾಲುಂಗುರ ನೋಡಿಕೊಂಡೆ. "ಹೌದ್ರಿ, ನಮ್ಮ ಮನಿಯವ್ರೂ ಹಂಗ ಅಂತಾರ, ಬಿರಿಯಾನಿಗೆ" ಎಂದು ಆಕೆ ಮುಸುಕಿನ ಮರೆಯಲ್ಲಿ ನಕ್ಕು, ನನಗೆ ಒಂದು ಎಲೆ ಮಡಚಿ ಕೊಟ್ಟರು.

ಬೀಗರ ಮನೆಯ ಅಂಗಳದಲ್ಲಿ ಚಾಪೆ ಹಾಸಿತ್ತು. ಊರ ಹಿರಿಯರು ನಾಲ್ವರು ಆಗಲೇ ಬಂದು ಗೋಡೆಗೆ ಒರಗಿದ್ದರು. ಅವರಲ್ಲೊಬ್ಬರು ಮಾಂಸ ಬಿಟ್ಟು ಐದು ವರ್ಷವಾದವರು. ತುಂಡು ಮುಟ್ಟುವುದಿಲ್ಲ, ಬರೀ ರಸಕ್ಕೆಂದು ಬಂದಿದ್ದರು. ಹೊರಗಿನ ಒಲೆ ಅವರಲ್ಲೂ ಅಂಗಳದ ಮೂಲೆಯಲ್ಲಿತ್ತು, ಪಕ್ಕದಲ್ಲಿ ನೆಲಕ್ಕೆ ಹೂತ ಒಳಕಲ್ಲು. ಊರ ಮುಲ್ಲಾ ಅಜ್ಜ ದುವಾ ಹೇಳಿ ಮೂರು ಹುಂಜ ಕೊಯ್ದು, ಪುಚ್ಚ ತೆಗೆದು, ತುಂಡು ಮಾಡಿ ಕೊಟ್ಟು, ಕತ್ತಿ ಒರೆಸುತ್ತ ಕೂತಿದ್ದರು. ಆ ಊರಿನಲ್ಲಿ ಯಾರ ಮನೆಯ ಕೋಳಿಯಾದರೂ ಅವರ ಕೈಯಿಂದಲೇ ಆಗಬೇಕು, ಅವರ ಪಾಲು ಅವರಿಗೆ ಹೋಗಬೇಕು, ಅಜ್ಜ ಮುತ್ತಜ್ಜರ ಕಾಲದಿಂದ ಬಂದ ಪದ್ಧತಿ.

ಬೀಗಿತಿ ಇಳಕಲ್ ಸೀರೆ ಉಟ್ಟು ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದರು. ನಮ್ಮನ್ನು ನೋಡಿ ಬಾಯಿ ತುಂಬ ನಕ್ಕರು. "ಬರ್ರಿ ಅಣ್ಣಾರ, ಕುಂತ್ರಿ. ಮುಂಜಾನೆ ರೊಟ್ಟಿ ಬಡದು ಒಳಗಿನ ಒಲಿ ಆರಿಸೇನಿ ನೋಡ್ರಿ. ಇವತ್ತ ನಮಗ ಸೂಟಿ!"

ಸೂಟಿ ಅಂದರೆ ರಜೆ; ಅಂದಮೇಲೆ ಈ ಮನೆಯಲ್ಲೂ ಮಸಾಲೆ ಅರೆದಿಟ್ಟವರು ಯಾರೂ ಇಲ್ಲ. ಬಾಗಿಲ ಹಿಂದೆ ನಿಂತಿದ್ದ ನಾದಿನಿ ಕಣ್ಣಿನಲ್ಲೇ ನನ್ನ ಕೈಚೀಲ ತಡಕಿದಳು. ಚೀಲದಲ್ಲಿ ಸವುಟು ಬಿಟ್ಟರೆ ನನ್ನ ಒಂದು ಸೀರೆ ಇತ್ತು.

ಮಾವ ಮಣೆಯ ಮೇಲೆ ಕುಳಿತರು. ಟವೆಲ್ ಹೆಗಲಿಗೇರಿತು. ಉರಿ ಹಚ್ಚಿದರು, ಡಬರಿ ಇಟ್ಟರು, ಎಣ್ಣೆ ಸುರಿದರು. ಎಣ್ಣೆ ಕಾಯಿತು. ಅವರು ಸವುಟು ಕೈಗೆತ್ತಿಕೊಂಡು, ಬಾಗಿಲ ಕಡೆ ತಿರುಗದೆ, ನಲವತ್ತು ವರ್ಷದ ರೂಢಿಯಂತೆ ನಿರಾಳವಾಗಿ ಹೇಳಿದರು.

"ಹೂಂ, ಮಸಾಲಿ."

ಏನೂ ಬರಲಿಲ್ಲ.

"ಹೂಂ?" ಎಂದರು ಇನ್ನೊಮ್ಮೆ.

"ಯಾವ ಮಸಾಲಿ, ಅಣ್ಣಾರ?" ಎಂದರು ಬೀಗಿತಿ.

"ಅದ... ಅರದದ್ದು."

"ಅರದವ್ರು ಯಾರು? ನೀವ ಎಲ್ಲಾ ಮಾಡ್ತೀರಂತ ಈಕಿ ಹೇಳಿದ್ಲು. ವಿಡಿಯೋದಾಗೂ ನೀವ ಮಾಡಾಕತ್ತಿದ್ರಿ. ನಿಮ್ಮ ಕೈ ಕೆಟ್ಟೀತಂತ ನಾವು ಯಾರೂ ಏನೂ ಮುಟ್ಟಿಲ್ಲ. ಡಬ್ಬಿ ಬೇಕಾದ್ರ ಎಲ್ಲಾ ತಂದು ಇಡ್ತೇವಿ."

ಎಣ್ಣೆ ಹೊಗೆಯಾಡಿತು. ಮಾವ ಡಬರಿ ಇಳಿಸಿದರು. ಆಗ ಅವರು ಮಾಡಿದ ತಪ್ಪನ್ನು ನಾನು ಈಗಲೂ ಕ್ಷಮಿಸುತ್ತೇನೆ, ಏಕೆಂದರೆ ನಮ್ಮ ಕಡೆಯ ಎಷ್ಟೋ ಗಂಡಸರು ಮಾಡಬಹುದಾದದ್ದೇ ಅದು. ಮನೆ ಯಾರದಾದರೇನು, ಬಾಗಿಲು ಇದ್ದಲ್ಲಿ ಮಸಾಲೆ ಇದ್ದೇ ಇರುತ್ತದೆ ಎಂದು ಅವರು ನಂಬಿ ಬಂದಿದ್ದರು. ಹೆಂಗಸರು ಬೇರೆ, ಓಣಿ ಬೇರೆ, ತಾಲೂಕು ಬೇರೆ ಎಂಬುದು ಅವರ ತಲೆಗೆ ಹೊಳೆದಿರಲೇ ಇಲ್ಲ. ಅವರ ಲೆಕ್ಕದಲ್ಲಿ ಅದು ಹೊಸ್ತಿಲ ಗುಣ.

"ಅರಿತೇನಿ, ಅದರಾಗೇನೈತಿ" ಎಂದರು ಮಾವ. ಬೀಗಿತಿ ಡಬ್ಬಿಗಳನ್ನು ತಂದು ಸಾಲಾಗಿಟ್ಟರು. ಮಾವ ಒಂದೊಂದೇ ಮುಚ್ಚಳ ತೆಗೆದು ಮೂಸಿದರು. ಖಸಖಸೆಯ ಡಬ್ಬಿಯನ್ನು ಬಹಳ ಹೊತ್ತು ನೋಡಿ, ರವೆ ಇರಬೇಕೆಂದು ಬದಿಗಿಟ್ಟರು. ಹಸಿ ಉಳ್ಳಾಗಡ್ಡಿ ನಾಲ್ಕು, ಕೊಬ್ಬರಿಯ ಅರ್ಧ ಬಟ್ಟಲು, ಹುರಿಯದ ಕೊತ್ತಂಬರಿ ಕಾಳು ಒಂದು ಹಿಡಿ ಒಳಕಲ್ಲಿಗೆ ಹಾಕಿದರು. ಗುಂಡು ಹಿಡಿದು ಒಂದು ಸುತ್ತು ತಿರುವಿದರು. ಕೊಬ್ಬರಿ ಚಂಗನೆ ಹಾರಿ ಮಾಂಸ ಬಿಟ್ಟ ಹಿರಿಯರ ಮಡಿಲಿಗೆ ಬಿತ್ತು.

"ನಾ ಕೊಯ್ಯಾಂವ ಅಷ್ಟ ನೋಡ್ರಿ ಯಜಮಾನ್ರ" ಎಂದರು ಮುಲ್ಲಾ ಅಜ್ಜ, ಕತ್ತಿಯನ್ನು ಬಟ್ಟೆಯಲ್ಲಿ ಸುತ್ತುತ್ತ. "ಐವತ್ತು ವರ್ಷ ಕೊಯ್ದೇನಿ. ಸಾರು ನಂದು ಅಂತ ಒಮ್ಮೆನೂ ಹೇಳಿಲ್ಲ."

ಹಿರಿಯರು ನಗಬಾರದೆಂದು ಕೆಮ್ಮಿದರು. ಕೆಮ್ಮು ಸಾಲಾಗಿ ಗೋಡೆಯ ಉದ್ದಕ್ಕೂ ಹೋಯಿತು. ಬೀಗರು ಮೀಸೆ ಮುಟ್ಟಿಕೊಂಡರು. ಬಾಗಿಲ ಹಿಂದೆ ನಾದಿನಿಯ ಮುಖ ಬಿಳುಪೇರಿತ್ತು.

ನಾನು ಕೂಡಲೇ ಎದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಒಳಕಲ್ಲು ಇನ್ನೂ ಎರಡು ಸುತ್ತು ತಿರುಗಲಿ ಎಂದು ಬಾಗಿಲ ಬಳಿಯೇ ಕೂತಿದ್ದೆ. ಏಳು ವರ್ಷದ ಭಾನುವಾರಗಳು ನನ್ನ ರಟ್ಟೆಯಲ್ಲಿದ್ದವು, ಅತ್ತೆಯ ರಟ್ಟೆಯಲ್ಲಿ ನಲವತ್ತು ವರ್ಷದವು. ಆದರೆ ಮಾವ ತಲೆ ಎತ್ತಿ ನನ್ನ ಕಡೆ ನೋಡಿದರು. ಬೆವರು ಹುಬ್ಬಿನ ಮೇಲೆ ನಿಂತಿತ್ತು. "ಯವ್ವಾ, ಸ್ವಲ್ಪ ಬಾ ಇಲ್ಲೆ" ಎಂದರು. ಈ ಮನುಷ್ಯ ಕೋಳಿ ಸಾರಿನ ಹೊತ್ತಿಗೆ ಬಾಗಿಲ ಕಡೆ ತಿರುಗಿ ನೋಡಿದ್ದು ಅದೇ ಮೊದಲು.

ನಾದಿನಿ ನನ್ನ ಸೆರಗು ಜಗ್ಗಿದಳು. "ವೈನಿ, ಒಳಗ ಬರ್ರಿ. ಮಿಕ್ಸರ್ ಐತಿ. ಲಗೂ ಮಾಡಿ ಹೊಸ್ತಿಲ ಮ್ಯಾಲೆ ಇಟ್ಟುಬಿಡೂಣು. ಅಪ್ಪನ ಮರ್ಯಾದಿ ಉಳೀತೈತಿ, ನಂದೂ ಉಳೀತೈತಿ."

ಒಳಗೆ ಹೋದೆವು. ಅವಳು ಸ್ವಿಚ್ ಒತ್ತಿದಳು. ಕರೆಂಟು ಇರಲಿಲ್ಲ. ಭಾನುವಾರ ಮಧ್ಯಾಹ್ನ ನಮ್ಮ ಕಡೆ ಕರೆಂಟು ಇರುತ್ತದೆ ಎಂದು ನಂಬಿದ್ದು ಅವಳ ಸಣ್ಣ ವಯಸ್ಸಿನ ತಪ್ಪು. ಇದ್ದ ಒಂದೇ ಒಳಕಲ್ಲು ಅಂಗಳದಲ್ಲಿ, ನಾಲ್ವರು ಹಿರಿಯರ ಕಾಲ ಬುಡದಲ್ಲಿ, ಗಂಡಸರ ಒಲೆಯ ಪಕ್ಕದಲ್ಲಿತ್ತು.

ನಾನು ಸೆರಗು ಸೊಂಟಕ್ಕೆ ಸಿಗಿಸಿ ಹೊರಗೆ ಬಂದೆ. ಮಾವ ಒಳಕಲ್ಲಿನ ಮುಂದಿನಿಂದ ಎದ್ದು ಒಲೆಯ ಮುಂದೆ ಹೋಗಿ ಕೂತರು. ಕೂತ ಮೇಲೆ ಮೀಸೆ ಸರಿ ಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದರು: "ನಾ ಹೇಳ್ತೇನಿ, ಆಕಿ ಅರೀತಾಳ."

ಹೌದೇನು, ಹಾಗಾದರೆ ಹೇಳಲಿ ಎಂದು ನನಗೂ ಹಟ ಬಂತು.

"ಮಾವಾರ, ಕೊಬ್ರಿ ಹುರೀಲೋ, ಸುಡ್ಲೋ?"

"ಹುರಿ."

"ಅತ್ತ್ಯಾರು ಸುಡ್ತಾರ."

"ಹಂಗಾರ ಸುಡು."

"ಉಳ್ಳಾಗಡ್ಡಿ ಹೆಚ್ಚಲೋ, ಇಡೀದ ಹಾಕ್ಲೋ?"

"ನಿಮ್ಮತ್ತಿ ಏನು ಮಾಡ್ತಾಳ?"

"ಸಿಪ್ಪಿ ಸಮೇತ ಕೆಂಡದಾಗ ಹಾಕ್ತಾರ."

"ಮತ್ತ ಅದನ್ನ ಕೇಳ್ತೀಯಲ್ಲ! ಹಾಕು."

"ಚಕ್ಕಿ, ಲವಂಗ ಕೂಡೆ ಹುರೀಲ್ರೀ?"

ಮಾವ ಈ ಸಲ ಜಾಣರಾದರು. "ನಿಮ್ಮತ್ತಿ ಮಾಡಿದಂಗ ಮಾಡು."

"ಖಸಖಸಿ ನೀರಾಗ ನೆನಸ್ಲೋ, ಹಾಲಾಗೋ?"

"ನಿಮ್ಮತ್ತಿ ನೆನಸಿದಂಗ!"

ಅಲ್ಲಿಂದ ಮುಂದೆ ನಾನು ಏನು ಕೇಳಿದರೂ ಗೋಡೆಗೆ ಒರಗಿದ್ದ ಹಿರಿಯರೇ ಕೋರಸ್ಸಿನಲ್ಲಿ ಉತ್ತರ ಕೊಡತೊಡಗಿದರು. "ಎಣ್ಣಿ ಎಷ್ಟ್ರೀ?" ಎಂದರೆ, "ಅತ್ತಿ ಹಾಕಿದಷ್ಟು!" "ಉಪ್ಪು?" "ಅತ್ತಿ ಹಾಕಿದಷ್ಟು!" ಕೊನೆಗೆ ಅವರಲ್ಲೊಬ್ಬರು ಕಣ್ಣೊರೆಸಿಕೊಳ್ಳುತ್ತ ಕೇಳಿಯೇಬಿಟ್ಟರು, "ಅಲ್ರೀ ಅಣ್ಣಾರ, ಹಂಗಾದ್ರ ನಿಮ್ಮ ಮನ್ಯಾಗ ಸಾರಿಗೆ ನೀವು ಏನು ಮಾಡ್ತೀರಿ?"

ಮಾವ ಒಂದು ಕೊರಡನ್ನು ಒಲೆಯೊಳಗೆ ನೂಕಿದರು. ಆಮೇಲೆ ಅರ್ಧ ಹಿಂದಕ್ಕೆ ಎಳೆದರು.

"ಉರಿ ಹಾಕ್ತೇನಿ" ಎಂದರು.

ನಕ್ಕರು ಎಲ್ಲರೂ. ಆದರೆ ಮಾವನ ಬಗ್ಗೆ ನ್ಯಾಯವಾಗಿ ಒಂದು ಮಾತು ಹೇಳಬೇಕು. ಉರಿಯನ್ನು ಅವರು ನಿಜವಾಗಿಯೂ ಬಲ್ಲರು. ಮಸಾಲೆ ಬಿದ್ದಾಗ ಮೂರು ಕೊರಡು ಎಳೆದು ಒಂದೇ ಬಿಟ್ಟರು, ಅದು ಸೀಯಲಿಲ್ಲ, ಎಣ್ಣೆ ಅಂಚಿನಲ್ಲಿ ಕೆಂಪಗೆ ಬಿಟ್ಟುಕೊಂಡಿತು. ಕೋಳಿ ಬಿದ್ದ ಮೇಲೆ ಉರಿ ಏರಿಸಿದರು. ಬಿಸಿನೀರು ಹಾಕಿ ಮುಚ್ಚಿದ ಮೇಲೆ ಜ್ವಾಲೆಯನ್ನೆಲ್ಲ ತೆಗೆದು ಬರೀ ಕೆಂಡದ ಮೇಲೆ ಬಿಟ್ಟರು. ಮುಚ್ಚಳಕ್ಕೆ ಕಿವಿ ಹಿಡಿದು, ಕುದಿಯುವ ಸದ್ದಿನಿಂದಲೇ ಎಷ್ಟು ಬೆಂದಿದೆ ಎಂದು ಹೇಳಿದರು. ಗಟ್ಟಿ ಮಾಂಸದ ಜವಾರಿ ಹುಂಜ, ಗಂಟೆ ಎರಡಾದರೂ ಬೇಕಿತ್ತು. ಅಷ್ಟು ಹೊತ್ತೂ ಅವರು ಮಣೆ ಬಿಟ್ಟು ಏಳಲಿಲ್ಲ, ಯಾರ ಕಡೆಗೂ ನೋಡಲಿಲ್ಲ. ಕಮ್ಮನೆಯ ವಾಸನೆ ಓಣಿಯ ತಿರುವಿನ ತನಕ ಹೋಯಿತು. ಕರೆಯದಿದ್ದ ಇಬ್ಬರು, ಬೀಗರ ಆರೋಗ್ಯ ವಿಚಾರಿಸಲು ಬಂದರು.

ಊಟಕ್ಕೆ ಕೂತರು. ಕಟಕ ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿ ಅದ್ದಿ ಉಂಡರು. ಮಾಂಸ ಬಿಟ್ಟ ಹಿರಿಯರು ಮೂರನೆಯ ಸಲ ರಸ ಹಾಕಿಸಿಕೊಂಡರು. ರಸದೊಳಗೆ ಒಂದು ತೊಡೆಯ ತುಂಡೂ ಜಾರಿ ಬಿತ್ತು. "ಬಿದ್ದದ್ದನ್ನ ತಗದ್ರ ಅನ್ನಕ್ಕ ಅಪಮಾನ" ಎಂದು ಅವರು ಅದನ್ನೂ ಸ್ವೀಕರಿಸಿದರು. ಆಮೇಲೆ ಬೀಗರು ಎಲ್ಲರ ಪರವಾಗಿ ಗಂಟಲು ಸರಿಮಾಡಿಕೊಂಡು ಘೋಷಿಸಿದರು.

"ಏನ ಅನ್ರಿ ಬೀಗರ, ಕೈಗುಣ ಅಂದ್ರ ನಿಮ್ಮದು!"

"ಹೌದ್ಹೌದು!" ಎಂದರು ಎಲ್ಲರೂ.

ನಾನು ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದೆ. ಅರೆದು ಅರೆದು ಅಂಗೈ ಕೆಂಪಾಗಿ ಇನ್ನೂ ಉರಿಯುತ್ತಿತ್ತು. ಮೂರು ಗಂಟೆ ಕಣ್ಣೆದುರೇ ಎಲ್ಲವನ್ನೂ ಕಂಡವರು, ಉತ್ತರವನ್ನು ತಮ್ಮ ಬಾಯಿಂದಲೇ ಕೂಗಿದವರು, ಉಂಡು ಮುಗಿಸಿದ ಮೇಲೆ ಮತ್ತೆ ಅಲ್ಲಿಗೇ ಬಂದು ನಿಂತಿದ್ದರು. ಅವರು ಕುಚೋದ್ಯ ಮಾಡುತ್ತಿರಲಿಲ್ಲ. ಮನಸಾರೆ ಹೊಗಳುತ್ತಿದ್ದರು. ಅದೇ ಸೋಜಿಗ. ನಾದಿನಿ ಬಾಗಿಲಲ್ಲಿ ಜೀವ ಬಂದವಳಂತೆ ಉಸಿರು ಬಿಟ್ಟಳು. ಇಷ್ಟಕ್ಕೇ ಮಾತು ನಿಂತರೆ ಅವಳ ಮಾನ ಉಳಿದಂತೆ. ಮಾವ ಸುಮ್ಮನೆ "ಹೂಂ" ಅಂದಿದ್ದರೂ ಸಾಕಿತ್ತು.

ಅವರು ಸವುಟನ್ನು ಡಬರಿಯೊಳಗೆ ಬಿಟ್ಟು ಕೈ ಒರೆಸಿಕೊಂಡರು.

"ಕೈಗುಣ ನಂದಲ್ರಿ. ಸಾರು ನಮ್ಮ ಮನ್ಯಾಕಿದು. ಇವತ್ತ ಸೊಸಿ ಅರದ್ಲು, ಆಕಿ ಕಲಿಸಿದಂಗ. ನಾ ಇಷ್ಟು ವರ್ಷ ಕುದಿಸಿ ಬಡಸಿ, ನಂದ ಅಂತ ತಿಳಕೊಂಡಿದ್ದೆ. ಮಂದಿ ಅಂದ್ರು, ನಾ ಹೂಂ ಅಂದೆ." ತುಸು ತಡೆದು, "ಖಸಖಸಿ ಯಾವುದು, ರವಾ ಯಾವುದು ಗೊತ್ತಿರಲಿಲ್ರಿ ನನಗ" ಎಂದರು.

ಗಂಡಸೊಬ್ಬ ಹೊಗಳಿಕೆಯನ್ನು ಹಿಂದಕ್ಕೆ ಕೊಟ್ಟರೆ ಅದನ್ನು ಎಲ್ಲಿಡಬೇಕೆಂಬುದಕ್ಕೆ ನಮ್ಮಲ್ಲಿ ಪದ್ಧತಿ ಇಲ್ಲ. ನಾದಿನಿ ಬಾಯಿಗೆ ಸೆರಗು ಒತ್ತಿಕೊಂಡಳು. ಮೂರು ವರ್ಷದ ಅವಳ ಗೋಡೆ ಅಪ್ಪನ ಕೈಯಿಂದಲೇ ಉರುಳಿತ್ತು.

ಮೊದಲು ಮಾತಾಡಿದವರು ಬೀಗಿತಿ. ಅವರು ಕಟ್ಟೆಯಿಂದ ಇಳಿದು ಬಂದು ಸೊಸೆಯ ಎದುರು ನಿಂತರು. ಈಗ ಬಿತ್ತು ಏಟು ಎಂದುಕೊಂಡೆ.

"ಯಾಕಲೇ, ಅಪ್ಪಂದು ಅಪ್ಪಂದು ಅಂತ ಮೂರು ವರ್ಷ ನನ್ನ ಕಿವಿ ತಿಂದಿ. ಅಪ್ಪಂದಾದ್ರ ಗಂಡಸ್ರ ಅಡಿಗಿ, ನಿನಗ ಬರೂದಿಲ್ಲ ಅಂತ ನಾ ಸುಮ್ಮಕಿದ್ದೆ. ಅವ್ವಂದಂದ್ರ ನಿನಗ ಬರಬೇಕಲ್ಲ! ಮುಂದಿನ ಐತವಾರ ನೀ ಮಾಡು, ನಾ ನೋಡ್ತೇನಿ."

"ಒಬ್ಬಾಕಿನ ಅರೀಬೇಕೇನ್ರಿ ಅಷ್ಟೂ?" ಎಂದಳು ನಾದಿನಿ, ಅಳುತ್ತಲೋ ನಗುತ್ತಲೋ ತಿಳಿಯದ ದನಿಯಲ್ಲಿ.

"ಒಬ್ಬಾಕಿ ಯಾಕ?" ಬೀಗಿತಿ ಗಂಡನ ಕಡೆ ತಿರುಗಿದರು. "ಇವ್ರೂ ಇಪ್ಪತ್ತೈದು ವರ್ಷದಿಂದ ಹೊರಗಿನ ಒಲಿ ಮುಂದ ಹೆಸರು ಮಾಡ್ಯಾರ. ಒಳಕಲ್ಲು ಹೆಂಗ ತಿರಗತೈತಿ ಅಂತ ಅವ್ರಿಗೂ ಸ್ವಲ್ಪ ಗೊತ್ತಾಗ್ಲಿ."

ಬೀಗರು ತಾಟಿನಲ್ಲಿ ಏನೋ ಬಹಳ ಆಸಕ್ತಿಯಿಂದ ಹುಡುಕತೊಡಗಿದರು. ಹಿರಿಯರು ಒಬ್ಬೊಬ್ಬರಾಗಿ ಕೈ ತೊಳೆಯಲು ಎದ್ದರು, ತಮ್ಮ ತಮ್ಮ ಮನೆಯ ಒಳಕಲ್ಲು ನೆನಪಾದವರಂತೆ. ಮುಲ್ಲಾ ಅಜ್ಜ ಮಾತ್ರ ಆರಾಮಾಗಿ ಕೂತು ಇನ್ನೊಂದು ರೊಟ್ಟಿ ಕೇಳಿದರು.

ಮರಳಿ ಬಂದ ದಿನ ಅತ್ತೆ ಏನನ್ನೂ ಕೇಳಲಿಲ್ಲ. ಮಾವನೂ ಹೇಳಲಿಲ್ಲ. ಅಷ್ಟರೊಳಗೆ ನಾದಿನಿ ಫೋನಿನಲ್ಲಿ ಎಲ್ಲವನ್ನೂ ಹೇಳಿಯಾಗಿತ್ತು. ನನಗೆ ಅತ್ತೆಯ ಮುಖದಲ್ಲೇನೂ ಕಾಣಲಿಲ್ಲ. ಎಂದಿನಂತೆ ಚಹಾ ಇಟ್ಟರು, ಎಂದಿನಂತೆ ದನಕ್ಕೆ ನೀರು ತೋರಿಸಿದರು.

ಮುಂದಿನ ಭಾನುವಾರ ಬೀಗರ ಮನೆಯಿಂದ ಫೋನು ಬಂತು. ಈ ಸಲ ಮಾವನಿಗಲ್ಲ. "ತಂಗೆವ್ವನ್ನ ಕೊಡ್ರಿ" ಎಂದರು ಬೀಗರು. ಕಣ್ಣಲ್ಲಿ ನೀರು ಬರುವಷ್ಟು ಉಳ್ಳಾಗಡ್ಡಿ ಸುಲಿದವರ ದನಿ ಅದು. ಮಾವ ಫೋನನ್ನು ಎರಡೂ ಕೈಯಿಂದ ಅತ್ತೆಯ ಮುಂದೆ ಹಿಡಿದರು. ನಲವತ್ತು ವರ್ಷದಲ್ಲಿ ಕೋಳಿ ಸಾರಿನ ವಿಷಯಕ್ಕೆ ನಮ್ಮ ಮನೆಯಲ್ಲಿ ಅತ್ತೆಯನ್ನು ಯಾರಾದರೂ ಕೇಳಿಕೊಂಡು ಬಂದದ್ದು ಅಂದೇ.

ಅತ್ತೆ ಫೋನು ತೆಗೆದುಕೊಳ್ಳಲಿಲ್ಲ. ಕೈ ಹಿಟ್ಟಾಗಿತ್ತು, ಅಥವಾ ಹಿಟ್ಟಾಗಿದೆ ಎಂದು ತೋರಿಸಿದರು. "ನೀವ ಹೇಳ್ರಿ, ನಿಮಗೂ ಈಗ ಗೊತ್ತೈತಲ್ಲ" ಎಂದರು.

ಮಾವ ಮಣೆ ಎಳೆದುಕೊಂಡು ಕೂತು, ಫೋನನ್ನು ಕಿವಿಗಿಟ್ಟು, ಪಾಠ ಒಪ್ಪಿಸುವ ಹುಡುಗನಂತೆ ಶುರುಮಾಡಿದರು. "ಕೇಳ್ರಿ ಬೀಗರ. ಮೊದ್ಲ ಕೊಬ್ರಿ ಸುಡಬೇಕು. ಹುರೀಬಾರದು, ಸುಡಬೇಕು. ಆಮ್ಯಾಲೆ ಉಳ್ಳಾಗಡ್ಡಿ, ಸಿಪ್ಪಿ ಸಮೇತ..." ಒಂದೊಂದನ್ನೂ ತಪ್ಪದೆ, ಬೆರಳು ಮಡಚಿ ಹೇಳುತ್ತ ಹೋದರು. ಅತ್ತೆ ಬೆನ್ನು ತಿರುಗಿಸಿ ರೊಟ್ಟಿ ಬಡಿಯುತ್ತಿದ್ದರು. ಬಡಿಯುವ ಸದ್ದು ನಡುನಡುವೆ ನಿಂತು, ಮಾವ ಮುಂದಿನ ಮಾತು ಸರಿಯಾಗಿ ಹೇಳಿದ ಮೇಲೆ ಮತ್ತೆ ಶುರುವಾಗುತ್ತಿತ್ತು.

ಎಲ್ಲ ಮುಗಿಸಿ ಮಾವ, "ಇಷ್ಟ ನೋಡ್ರಿ" ಎಂದು ಫೋನು ಇಡುವುದರಲ್ಲಿದ್ದರು. ಅತ್ತೆ ತಿರುಗದೆಯೇ ಹೇಳಿದರು.

"ಮೊದ್ಲ ಕೋಳಿ ತೊಳಕೋರಿ ಅಂತ ಹೇಳ್ರಿ ಅವ್ರಿಗೆ."